ಸ್ಮೃತಿಯ ಮನೆಗಳು

ಗಣಕಯಂತ್ರಕ್ಕೆ ನೆನಪಿನ ಶಕ್ತಿಯಿದೆ ಎಂದು ಹೇಳುವುದು ವಾಡಿಕೆ. ಆದರೆ ಮನುಷ್ಯನ ನೆನಪಿಗೂ ಯಂತ್ರದ ಸ್ಮೃತಿಗೂ ಹೋಲಿಕೆ ಹೆಸರಿನಲ್ಲಿ ಮಾತ್ರ. ಹೂವಿನ ಪರಿಮಳವೊಂದು ಸುಳಿದರೆ ಮನುಷ್ಯನಿಗೆ ಎಂದೋ ಕಂಡ ಜಾತ್ರೆ ನೆನಪಾಗಬಹುದು. ಯಂತ್ರಕ್ಕೆ ಹಾಗೆ ಏನೂ ತಾನಾಗಿ ನೆನಪಾಗುವುದಿಲ್ಲ. ಅದರ ಸ್ಮೃತಿಯು ಒಂದೇ ಸಾಲಿನಲ್ಲಿ ಕಟ್ಟಿದ ಅಸಂಖ್ಯ ಪುಟ್ಟ ಮನೆಗಳಂತೆ ಇರುತ್ತದೆ. ಪ್ರತಿಯೊಂದು ಮನೆಗೂ ಒಂದು ಸಂಖ್ಯೆಯುಂಟು. ಅದೇ ಅದರ ವಿಳಾಸ. ಒಂದು ಮನೆಯಲ್ಲಿ ಹಿಡಿಯುವುದು ಒಂದು ಬೈಟ್, ಎಂದರೆ ೦ಯಿಂದ ೨೫೫ರವರೆಗಿನ ಯಾವುದಾದರೊಂದು ಸಂಖ್ಯೆ. ಅದಕ್ಕಿಂತ ದೊಡ್ಡದನ್ನು ಇಡಬೇಕಾದರೆ ಅಕ್ಕಪಕ್ಕದ ಮನೆಗಳನ್ನು ಕೂಡಿಸಿಕೊಳ್ಳಬೇಕು. ಇಂದಿನ ಬಹುಪಾಲು ಯಂತ್ರಗಳಲ್ಲಿ ಸಾಮಾನ್ಯ ಪೂರ್ಣಾಂಕವೊಂದು ನಾಲ್ಕು ಮನೆಗಳನ್ನು ಆಕ್ರಮಿಸುತ್ತದೆ.

ಕ್ರಮವಿಧಿಯನ್ನು ಬರೆಯುವವರು ಈ ಮನೆಸಂಖ್ಯೆಗಳನ್ನು ನೆನಪಿಡಬೇಕಾಗಿಲ್ಲ. ಅವರು ‘ಅಂಕ’ ಎಂದೊಂದು ಹೆಸರನ್ನಿಟ್ಟು, ಅದರ ಬೆಲೆ ೭೫ ಆಗಿರಲಿ ಎಂದು ಬರೆಯುತ್ತಾರೆ. ಹೀಗೆ ಬದಲಾಗಬಲ್ಲ ಬೆಲೆಗೆ ಇಟ್ಟ ಹೆಸರೇ ಚರ. ಅದಕ್ಕೆ ಯಂತ್ರವು ೨೦೦೦ದಿಂದ ೨೦೦೩ರವರೆಗಿನ ನಾಲ್ಕು ಮನೆಗಳನ್ನು ಕೊಟ್ಟಿತೆಂದು ಇಟ್ಟುಕೊಳ್ಳಿ. ಆಗ ‘ಅಂಕ’ದ ವಿಳಾಸ ೨೦೦೦, ಅದರ ಬೆಲೆ ೭೫. ಎರಡೂ ಸಂಖ್ಯೆಗಳೇ ಆಗಿರುವುದರಿಂದ ಗೊಂದಲ ಹುಟ್ಟುವುದು ಇಲ್ಲಿಯೇ. ಲಕೋಟೆಯ ಮೇಲಿನ ಮನೆಸಂಖ್ಯೆಯನ್ನು ಓದಿ, ಆ ಮನೆಯಲ್ಲಿ ಅಷ್ಟು ಮಂದಿ ಇದ್ದಾರೆಂದು ಯಾರೂ ತಿಳಿಯುವುದಿಲ್ಲ. ಆದರೆ ಗಣಕದ ವಿಷಯದಲ್ಲಿ ಅಂಥ ತಪ್ಪು ನುರಿತವರಿಂದಲೂ ಆಗುತ್ತದೆ.

ಹಲವು ಭಾಷೆಗಳು ವಿಳಾಸಗಳನ್ನು ಮರೆಯಲ್ಲಿಯೇ ಇಡುತ್ತವೆ. ಸಿ ಭಾಷೆ ಹಾಗಲ್ಲ. ಕೇಳಿದವರಿಗೆ ಅದನ್ನು ಕೈಗೇ ಕೊಡುತ್ತದೆ. ಚರದ ಹೆಸರಿನ ಹಿಂದೆ & ಚಿಹ್ನೆಯನ್ನಿಟ್ಟು ‘&ಅಂಕ’ ಎಂದು ಬರೆದರೆ ೨೦೦೦ ಎಂಬ ವಿಳಾಸ ದೊರೆಯುತ್ತದೆ. ಈ ವಿಳಾಸವನ್ನು ಇಟ್ಟುಕೊಳ್ಳಲೆಂದೇ ಇರುವ ಇನ್ನೊಂದು ಬಗೆಯ ಚರಕ್ಕೆ ಪಾಯಿಂಟರ್ ಎಂದು ಹೆಸರು, ಕನ್ನಡದಲ್ಲಿ ಸೂಚಕವೆನ್ನಬಹುದು. ಸೂಚಕವೂ ಒಂದು ಚರವೇ ಆದುದರಿಂದ ಅದಕ್ಕೂ ಸ್ಮೃತಿಯಲ್ಲಿ ತನ್ನದೇ ಮನೆಗಳುಂಟು, ತನ್ನದೇ ವಿಳಾಸವುಂಟು. ಸೂಚಕದ ಹಿಂದೆ * ಚಿಹ್ನೆಯನ್ನಿಟ್ಟರೆ ‘ಇದರಲ್ಲಿ ಬರೆದಿರುವ ವಿಳಾಸಕ್ಕೆ ಹೋಗು’ ಎಂದರ್ಥ. ‘ಸೂಚಕ’ ಎಂದರೆ ೨೦೦೦. ‘*ಸೂಚಕ’ ಎಂದರೆ ೭೫. ‘*ಸೂಚಕ = ೮೦’ ಎಂದು ಬರೆದರೆ ‘ಅಂಕ’ದ ಹೆಸರನ್ನು ಎಲ್ಲಿಯೂ ಎತ್ತದೆಯೇ ಅದರ ಬೆಲೆ ೮೦ ಆಗಿಬಿಡುತ್ತದೆ.

ನೇರವಾಗಿ ಹೆಸರು ಹಿಡಿದು ಕರೆಯಲು ಸಾಧ್ಯವಿರುವಾಗ ಈ ಸುತ್ತುದಾರಿ ಏಕೆ ಎಂಬ ಪ್ರಶ್ನೆ ಏಳುವುದು ಸಹಜ. ಸಿ ಭಾಷೆಯಲ್ಲಿ ದೊಡ್ಡ ಕೆಲಸವನ್ನು ಫಂಕ್ಷನ್ ಎಂಬ ಚಿಕ್ಕ ಚಿಕ್ಕ ಘಟಕಗಳಿಗೆ ಹಂಚಿಕೊಡುತ್ತಾರೆ. ಒಂದು ಫಂಕ್ಷನ್ನಿಗೆ ಚರವನ್ನು ಒಪ್ಪಿಸಿದಾಗ ಅದಕ್ಕೆ ಸಲ್ಲುವುದು ಬೆಲೆಯ ಪ್ರತಿ ಮಾತ್ರ. ಎರಡು ಚರಗಳ ಬೆಲೆಗಳನ್ನು ಅದಲುಬದಲು ಮಾಡಲು ಹೇಳಿದರೆ ಅದು ತನ್ನ ಬಳಿಯ ಪ್ರತಿಗಳನ್ನು ಅದಲುಬದಲು ಮಾಡಿ ಕೆಲಸ ಮುಗಿಸುತ್ತದೆ. ಮೂಲದ ಚರಗಳು ಇದ್ದಂತೆಯೇ ಇರುತ್ತವೆ. ಬೆಲೆಗಳ ಬದಲು ಎರಡು ವಿಳಾಸಗಳನ್ನು ಕೊಟ್ಟರೆ ಅದು ಆ ಮನೆಗಳಿಗೇ ಹೋಗಿ ಒಳಗಿರುವುದನ್ನು ಬದಲಿಸಬಲ್ಲುದು.

ಸಿ ಕಲಿಯತೊಡಗಿದವರು ಮೊದಲ ವಾರದಲ್ಲಿಯೇ ಮಾಡುವ ತಪ್ಪೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕೀಲಿಮಣೆಯಿಂದ ಸಂಖ್ಯೆಯನ್ನು ಓದಿಕೊಳ್ಳುವ ‘ಸ್ಕ್ಯಾನ್‌ಎಫ್’ ಎಂಬ ಫಂಕ್ಷನ್ನಿಗೆ ‘&ಅಂಕ’ವನ್ನು ಕೊಡಬೇಕು. & ಚಿಹ್ನೆಯನ್ನು ಮರೆತು ‘ಅಂಕ’ ಎಂದಷ್ಟೇ ಕೊಟ್ಟರೆ ಅದರ ಬೆಲೆಯಾದ ೭೫ನ್ನೇ ಯಂತ್ರವು ವಿಳಾಸವೆಂದು ತಿಳಿದು, ೭೫ನೆಯ ಮನೆಯಲ್ಲಿ ಬರೆಯಲು ಹೊರಡುತ್ತದೆ. ಆ ಮನೆ ಈ ಕ್ರಮವಿಧಿಗೆ ಸೇರಿದುದಲ್ಲವೆಂದು ಇಂದಿನ ಯಂತ್ರಗಳು ಸಾಮಾನ್ಯವಾಗಿ ತಡೆದು ಅದನ್ನು ನಿಲ್ಲಿಸಿಬಿಡುತ್ತವೆ. ಹಾಗೆ ನಿಂತರೆ ಅದೃಷ್ಟವೆಂದೇ ಹೇಳಬೇಕು. ತಪ್ಪು ವಿಳಾಸವು ಅದೇ ಕ್ರಮವಿಧಿಯ ಬೇರೊಂದು ಮನೆಯದಾಗಿದ್ದರೆ ಯಾರೂ ತಡೆಯುವುದಿಲ್ಲ. ಸಂಬಂಧವಿಲ್ಲದ ಇನ್ನಾವುದೋ ಬೆಲೆ ಸದ್ದಿಲ್ಲದೆ ಕೆಟ್ಟುಹೋಗಿರುತ್ತದೆ.

ಸಿ ಭಾಷೆಯನ್ನು ೧೯೭೨ರ ಸುಮಾರಿಗೆ ರೂಪಿಸಿದವರು ಅಮೆರಿಕದ ಬೆಲ್ ಪ್ರಯೋಗಾಲಯದ ಡೆನ್ನಿಸ್ ರಿಚಿ. ಅದಕ್ಕೆ ಹಿಂದಿನ, ಕೆನ್ ಥಾಂಪ್ಸನ್ ರಚಿಸಿದ ಬಿ ಭಾಷೆಯಲ್ಲಿ ಬೆಲೆಗಳಿಗೆ ಜಾತಿಭೇದವಿರಲಿಲ್ಲ; ಎಲ್ಲವೂ ಒಂದೇ ಅಳತೆಯವು. ಪ್ರಯೋಗಾಲಯಕ್ಕೆ ಬಂದ ಪಿಡಿಪಿ-೧೧ ಎಂಬ ಹೊಸ ಯಂತ್ರದಲ್ಲಿ ಒಂದೊಂದು ಬೈಟಿಗೂ ವಿಳಾಸವಿದ್ದುದರಿಂದ ಹಳೆಯ ಏರ್ಪಾಡು ತೊಡಕಾಯಿತು. ರಿಚಿಯವರು ಚರಗಳಿಗೆ ಜಾತಿಗಳನ್ನು ಗೊತ್ತುಪಡಿಸಿದರು. ಆದಕಾರಣ ಸಿ ಭಾಷೆಯ ಸೂಚಕಕ್ಕೆ ವಿಳಾಸದ ಜೊತೆಗೆ ಅಲ್ಲಿರುವ ವಸ್ತು ಎಂಥದೆಂಬುದೂ ತಿಳಿದಿರುತ್ತದೆ. ಅಕ್ಷರದ ಸೂಚಕಕ್ಕೆ ೧ ಕೂಡಿಸಿದರೆ ೨೦೦೦ವು ೨೦೦೧ ಆಗುತ್ತದೆ. ನಾಲ್ಕು ಬೈಟಿನ ಪೂರ್ಣಾಂಕದ ಸೂಚಕಕ್ಕೆ ಅದೇ ೧ನ್ನು ಕೂಡಿಸಿದರೆ ೨೦೦೪ ಆಗುತ್ತದೆ. ಆನೆಯ ಹೆಜ್ಜೆಗೂ ಇರುವೆಯ ಹೆಜ್ಜೆಗೂ ಇರುವಂಥ ಅಂತರವಿದು.

ಆದರೆ ಹೆಜ್ಜೆಯ ಅಳತೆ ತಿಳಿದಿದ್ದರೂ ಎಲ್ಲಿ ನಿಲ್ಲಬೇಕೆಂಬುದು ಸೂಚಕಕ್ಕೆ ತಿಳಿಯದು. ೧೯೮೮ರ ನವೆಂಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬರೆದ ಕ್ರಮವಿಧಿಯೊಂದು ಗಣಕಜಾಲದಲ್ಲಿ ಹರಡಿ ಸಾವಿರಾರು ಯಂತ್ರಗಳನ್ನು ಕಂಗೆಡಿಸಿತು. ಅದು ನುಗ್ಗಿದ ದಾರಿಗಳಲ್ಲಿ ಒಂದು, ಯಂತ್ರವನ್ನು ಯಾರು ಬಳಸುತ್ತಿದ್ದಾರೆಂದು ವಿಚಾರಿಸುವವರಿಗೆ ಉತ್ತರಿಸುವ ಒಂದು ಸಣ್ಣ ಕ್ರಮವಿಧಿ. ಬಂದ ಪ್ರಶ್ನೆಯನ್ನು ಬರೆದುಕೊಳ್ಳಲು ಅದರಲ್ಲಿ ೫೧೨ ಬೈಟುಗಳ ಸ್ಥಳವಿತ್ತು. ಬರೆದುಕೊಳ್ಳುವ ‘ಗೆಟ್ಸ್’ ಎಂಬ ಫಂಕ್ಷನ್ನಿಗೆ ಮೊದಲ ಮನೆಯ ವಿಳಾಸವನ್ನಷ್ಟೇ ಕೊಡಲಾಗುತ್ತಿತ್ತು. ಕೊನೆಯ ಮನೆ ಯಾವುದೆಂದು ಅದಕ್ಕೆ ಹೇಳಿದವರಿಲ್ಲ. ಬೇಕೆಂದೇ ಉದ್ದವಾಗಿ ಬರೆದ ಪ್ರಶ್ನೆಯು ೫೧೨ ಮನೆಗಳನ್ನೂ ದಾಟಿ ಮುಂದಕ್ಕೆ ಹರಿಯಿತು. ಮುಂದೆ ಯಾವ ವಿಳಾಸದಲ್ಲಿರುವ ಆದೇಶವನ್ನು ನಡೆಸಬೇಕೆಂದು ಯಂತ್ರವು ಗುರುತು ಹಾಕಿಕೊಂಡಿದ್ದುದು ಅಲ್ಲಿಯೇ. ಆ ಗುರುತು ಅಳಿದು ಅದರ ಸ್ಥಾನದಲ್ಲಿ ಹೊರಗಿನವನ ವಿಳಾಸ ಬಂದು ಕುಳಿತಿತು. ಯಂತ್ರವು ಎಂದಿನ ವಿಧೇಯತೆಯಿಂದಲೇ ಆ ವಿಳಾಸಕ್ಕೆ ಹೋಯಿತು.

೨೦೧೧ರಲ್ಲಿ ಸಿ ಭಾಷೆಯ ಅಧಿಕೃತ ನಿಯಮಾವಳಿಯಿಂದ ‘ಗೆಟ್ಸ್’ ಅನ್ನು ಕೈಬಿಡಲಾಯಿತು. ಅದರ ಬದಲು ಬಳಸುವ ‘ಎಫ್‌ಗೆಟ್ಸ್’ಗೆ ವಿಳಾಸದೊಡನೆ ಅಲ್ಲಿ ಎಷ್ಟು ಮನೆಗಳಿವೆ ಎಂಬುದನ್ನೂ ಹೇಳಬೇಕು.