ಪುಡಿಗೆ ತಕ್ಕ ನೀರು

ನಾಲ್ವರಿಗೆಂದು ಡಿಕಾಕ್ಷನ್ ಇಳಿಸಿದ್ದೆ. ಬಂದವರು ಎಂಟು ಜನ. ಫಿಲ್ಟರಿನ ಮೇಲಿನ ಪಾತ್ರೆಗೆ ಇನ್ನೊಂದು ಲೋಟ ಬಿಸಿನೀರು ಹುಯ್ದು, ಮುಚ್ಚಿಟ್ಟು, ಇಳಿದದ್ದನ್ನೆಲ್ಲ ಬೆರೆಸಿ ಎಲ್ಲರಿಗೂ ಕಾಫಿ ಕೊಟ್ಟೆ. ಉಳಿದವರು ಸುಮ್ಮನೆ ಕುಡಿದರು. ಸೋದರತ್ತೆ ಮಾತ್ರ ಲೋಟ ಕೆಳಗಿಟ್ಟು, "ಏನೋ ಇದು, ಕಹಿಯೂ ಇದೆ, ನೀರುನೀರಾಗಿಯೂ ಇದೆ" ಅಂದರು. ಕಹಿ ಅಂದರೆ ಸ್ಟ್ರಾಂಗ್ ಎಂದೇ ನಂಬಿಕೊಂಡಿದ್ದವನು ನಾನು. ಎರಡೂ ಒಂದೇ ಲೋಟದಲ್ಲಿ ಹೇಗೆ ಬಂದವು ಎಂದು ಹುಡುಕುತ್ತ ಹೋದಾಗ ಫಿಲ್ಟರ್ ಕಾಫಿಯ ಕಸುಬು ಒಂದಿಷ್ಟು ಅರ್ಥವಾಯಿತು.

ಉಪಕರಣ ತೀರಾ ಸರಳ. ಒಂದರ ಮೇಲೊಂದು ಕೂರುವ ಎರಡು ಪಾತ್ರೆ, ಸ್ಟೀಲಿನದೋ ಹಿತ್ತಾಳೆಯದೋ. ಮೇಲಿನದರ ತಳದಲ್ಲಿ ಸಣ್ಣ ತೂತುಗಳು. ಪುಡಿಯ ಮೇಲೆ ಇಡಲು ಹಿಡಿಯಿರುವ ಒಂದು ತೂತಿನ ಬಿಲ್ಲೆ. ಕರೆಂಟೂ ಬೇಡ, ಒತ್ತಡವೂ ಬೇಡ. ನೀರು ತನ್ನ ಭಾರಕ್ಕೆ ತಾನೇ ಹನಿಹನಿಯಾಗಿ ಇಳಿಯುತ್ತದೆ. ಬಿಲ್ಲೆಯನ್ನು ಗಟ್ಟಿಯಾಗಿ ಅದುಮಿದಿರೋ, ಪುಡಿ ಗಾರೆಯಂತೆ ಕಟ್ಟಿಕೊಂಡು ಎಷ್ಟು ಹೊತ್ತಾದರೂ ನೀರು ಇಳಿಯದು. ಸಡಿಲ ಬಿಟ್ಟರೆ ನೀರು ಪುಡಿಯ ನಡುವೆ ಸುಲಭದ ದಾರಿ ಹಿಡಿದು, ಅರ್ಧ ಪುಡಿಯನ್ನು ಮುಟ್ಟದೆಯೇ ಕೆಳಗೆ ಜಾರಿಬಿಡುತ್ತದೆ. ಪಾತ್ರೆಯನ್ನು ಎರಡು ಸಲ ತಟ್ಟಿ ಪುಡಿಯನ್ನು ಸಮ ಮಾಡಿ, ಬಿಲ್ಲೆಯನ್ನು ಅದರ ಮೇಲೆ ಕೂರಿಸಿದರೆ ಸಾಕು.

ಇನ್ನು ಅಳತೆ. ಸದ್ಯ ನಮ್ಮ ಮನೆಯಲ್ಲಿ ನಡೆಯುತ್ತಿರುವುದು 40 ಗ್ರಾಂ ಪುಡಿಗೆ 200 ಮಿ.ಲೀ. ನೀರು. ಹುಯ್ದಷ್ಟೂ ಕೆಳಗೆ ಬರುವುದಿಲ್ಲ. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ತಾನೇ ಕುಡಿದು ಕೂರುತ್ತದೆ. ಸಿಗುವುದು 120 ಮಿ.ಲೀ. ಆಸುಪಾಸು, ನಾಲ್ಕು ಲೋಟಕ್ಕೆ ತಲಾ 30, ಉಳಿದದ್ದು ಹಾಲು. ಚಮಚದ ಲೆಕ್ಕವನ್ನು ನಾನು ಬಿಟ್ಟೆ. ಒಂದು ದಿನ ಗುಡ್ಡೆ ಚಮಚ, ಒಂದು ದಿನ ಸಮ ಚಮಚ. ಸಾಲದ್ದಕ್ಕೆ, ಕಪ್ಪಗೆ ಹುರಿದಷ್ಟೂ ಬೀಜ ಉಬ್ಬಿ ಹಗುರವಾಗುವುದರಿಂದ ಅದೇ ಚಮಚದಲ್ಲಿ ಕೂರುವ ಕಾಫಿ ಕಡಿಮೆ. ಅಂಗಡಿಯವರು ಪುಡಿಯನ್ನು ತೂಗಿಯೇ ಕೊಡುತ್ತಾರೆ. ನಾವು ಮನೆಗೆ ತಂದು ಅಂದಾಜಿಗೆ ಬೀಳುತ್ತೇವೆ.

ಅತ್ತೆಯ ದೂರಿಗೆ ಉತ್ತರ ಸಿಕ್ಕಿದ್ದು 1950ರ ದಶಕದಲ್ಲಿ ಅಮೆರಿಕದ ಎಂಐಟಿಯ ಅರ್ನೆಸ್ಟ್ ಲಾಕ್‌ಹಾರ್ಟ್ ನಡೆಸಿದ ಕೆಲಸದಲ್ಲಿ. ಕಾಫಿಯ ರುಚಿಯನ್ನು ಅವರು ಎರಡು ಬೇರೆ ಬೇರೆ ಲೆಕ್ಕವಾಗಿ ಒಡೆದಿಟ್ಟರು. ಲೋಟದಲ್ಲಿ ಕಾಫಿಯ ಅಂಶ ಎಷ್ಟಿದೆ ಎಂಬುದು ಒಂದು. ಪುಡಿಯಿಂದ ಎಷ್ಟು ಅಂಶ ಹೊರಬಂದಿದೆ ಎಂಬುದು ಇನ್ನೊಂದು. ಹುರಿದ ಕಾಫಿಯ ತೂಕದಲ್ಲಿ ಹೆಚ್ಚೆಂದರೆ ಶೇ 30ರಷ್ಟು ನೀರಿಗೆ ಬಿಡುತ್ತದೆ. ಪುಡಿಯ ತೂಕದ ಶೇ 18ರಿಂದ 22 ಬಂದರೆ ಹಿತ. ಕಡಿಮೆ ಬಂದರೆ ಹುಳಿ, ಹೆಚ್ಚು ಹಿಂಡಿದರೆ ಕಹಿ. ನಾನು ಹುಯ್ದ ಎರಡನೇ ನೀರು, ಒಳ್ಳೆಯದನ್ನೆಲ್ಲ ಆಗಲೇ ಕೊಟ್ಟಿದ್ದ ಚರಟದಿಂದ ಉಳಿದ ಕಹಿಯನ್ನು ಎಳೆದು ತಂದಿತ್ತು. ಅಂಶ ಕಡಿಮೆ, ಆದ್ದರಿಂದ ನೀರುನೀರು. ಬಂದದ್ದು ಕೊನೆಯ ಪಾಲು, ಆದ್ದರಿಂದ ಕಹಿ. ಅತ್ತೆಯ ನಾಲಿಗೆ ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿತ್ತು.

ಹಾಲಿಲ್ಲದ ಕಾಫಿ ಕುಡಿಯುವವರು ಲೀಟರ್ ನೀರಿಗೆ 55 ಗ್ರಾಂ ಪುಡಿ ಎಂಬ ಲೆಕ್ಕ ಹಿಡಿಯುತ್ತಾರೆ. ನಮ್ಮದು ಅದೇ ಲೀಟರಿಗೆ 200 ಗ್ರಾಂ ಆಯಿತು. ದುಂದು ಅನ್ನಬೇಡಿ, ಮುಂದೆ ಹಾಲು ಸೇರಲಿದೆ. ಮಲೆನಾಡಿನ ಮನೆಗಳಲ್ಲಿ ಬೆಲ್ಲದ ನೀರು ಕುದಿಸಿ, ಪುಡಿ ಹಾಕಿ, ಬಟ್ಟೆಯಲ್ಲಿ ಸೋಸುವ ಕಪ್ಪು ಕಾಫಿಗೆ ಇಷ್ಟು ಪುಡಿ ಬೇಡ. ಅದನ್ನು ಸೋಸಿದ ಹಾಗೇ ಕುಡಿಯುವುದು ತಾನೆ?

ನೀರಿನ ಬಿಸಿ ಎಷ್ಟಿರಬೇಕು? 90ರಿಂದ 96 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ ಬಲ್ಲವರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಒಲೆ ಆರಿಸಿ ಪಾತ್ರೆ ಎತ್ತುವಷ್ಟರಲ್ಲಿ ಹದಕ್ಕೆ ಬಂದಿರುತ್ತದೆ. ಮಂಗಳೂರಿನಲ್ಲಿ ಅರ್ಧ ನಿಮಿಷ ಕಾಯುವುದು ಲೇಸು.

ಚಿಕೋರಿ ಸೇರಿದರೆ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹುರಿದು ಪುಡಿ ಮಾಡಿದ ಈ ಬೇರು ಕಾಫಿಗಿಂತ ಹೆಚ್ಚು ಅಂಶವನ್ನು ನೀರಿಗೆ ಬಿಡುತ್ತದೆ. ಡಿಕಾಕ್ಷನ್ನಿಗೆ ಬಣ್ಣವೂ ಮಂದವೂ ಬರುತ್ತದೆ. ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರುವಂತಿಲ್ಲ ಎನ್ನುತ್ತದೆ ಕಾನೂನು. ಆದರೆ ಬಣ್ಣ ನೋಡಿ ಗಟ್ಟಿ ಎಂದುಕೊಂಡರೆ ಮೋಸ ಹೋದಿರಿ.

ಈ ಕಸುಬಿನ ಗುಟ್ಟು ನೋಡಬೇಕಾದರೆ ದರ್ಶಿನಿಯ ಕಾಫಿ ಕೌಂಟರಿನ ಮುಂದೆ ಐದು ನಿಮಿಷ ನಿಲ್ಲಿ. ಒಬ್ಬರು "ಸ್ಟ್ರಾಂಗ್" ಅನ್ನುತ್ತಾರೆ, ಇನ್ನೊಬ್ಬರು "ಲೈಟ್". ಕಾಫಿ ಮಾಡುವವನು ಫಿಲ್ಟರಿನ ಗೊಡವೆಗೇ ಹೋಗುವುದಿಲ್ಲ. ಒಬ್ಬರಿಗೆ ಡಿಕಾಕ್ಷನ್ ಒಂದಿಷ್ಟು ಮುಂದು, ಇನ್ನೊಬ್ಬರಿಗೆ ಹಾಲು ಮುಂದು, ಅಷ್ಟೇ. ಪುಡಿ–ನೀರಿನ ಲೆಕ್ಕ ಬೆಳಿಗ್ಗೆಯೇ ಮುಗಿದಿದೆ; ಗಿರಾಕಿಯ ಮರ್ಜಿಗೆ ಬದಲಾಗುವುದು ಡಿಕಾಕ್ಷನ್–ಹಾಲಿನ ಲೆಕ್ಕ ಮಾತ್ರ. ನಾವು ಮನೆಯಲ್ಲಿ ಎಡವುವುದು ಇಲ್ಲೇ. ಮೊದಲನೇ ಲೆಕ್ಕದಲ್ಲಿ ಪುಡಿ ಉಳಿಸಲು ಹೋಗಿ, ಎರಡನೆಯದರಲ್ಲಿ ಹಾಲು ಕಡಿಮೆ ಮಾಡಿ ಸರಿದೂಗಿಸಲು ನೋಡುತ್ತೇವೆ.

ಹಾಗಾದರೆ ನಾಲ್ವರ ಡಿಕಾಕ್ಷನ್ನಿಗೆ ಎಂಟು ಜನ ಬಂದರೆ? ಅದಕ್ಕೂ ಅದೇ ಕೌಂಟರಿನಲ್ಲಿ ಉತ್ತರವಿದೆ. ಅತ್ತೆ ಮತ್ತೆ ಬಂದಾಗ ನಾನು ಫಿಲ್ಟರಿಗೆ ಕೈ ಹಾಕಲಿಲ್ಲ. ನಾಲ್ಕು ಕಾಫಿ ಬೆರೆಸಿ, ಎತ್ತಿ ಹುಯ್ದು ನೊರೆ ಬರಿಸಿ, ಎಂಟು ಸಣ್ಣ ಲೋಟಗಳಿಗೆ ಹಂಚಿದೆ. ಬೈಟು. ಅತ್ತೆಯ ಲೋಟ ಖಾಲಿಯಾಗಿ ವಾಪಸು ಬಂತು, "ಇಷ್ಟೇನಾ?" ಎಂಬುದಷ್ಟೇ ಈ ಸಲದ ದೂರು.