ನಿಮಗಿದು ಗೊತ್ತೇ? ಅರಬ್ ಬರಹಗಾರ್ತಿಯರ ಗತ್ತು!

ಕವಿತೆಯನ್ನು ಪುಸ್ತಕದಲ್ಲಿ ಓದಿರುತ್ತೀರಿ. ತೊಟ್ಟ ಬಟ್ಟೆಯ ಮೇಲೆ? 11ನೇ ಶತಮಾನದಲ್ಲಿ ಸ್ಪೇನಿನ ಕಾರ್ಡೊಬಾದಲ್ಲಿ ವಲ್ಲಾದಾ ಎಂಬ ಖಲೀಫನ ಮಗಳಿದ್ದಳು. ತಾನೇ ಕಟ್ಟಿದ ಪದ್ಯವನ್ನು ನಿಲುವಂಗಿಯ ಮೇಲೆ ಚಿನ್ನದ ಅಕ್ಷರಗಳಲ್ಲಿ ಬರೆಸಿಕೊಂಡಿದ್ದಳಂತೆ! ಒಂದು ಬದಿಯಲ್ಲಿ ತನ್ನ ಘನತೆಯ ಮಾತು. ಇನ್ನೊಂದು ಬದಿಯಲ್ಲಿ ಮುತ್ತು ಕೊಡುವ ಮಾತು! ಟೀ ಶರ್ಟ್ ಮೇಲಿನ ಬರಹ ಹೊಸ ಫ್ಯಾಷನ್ ಅಂದವರು ಯಾರು?

ಇದೇ ವಲ್ಲಾದಾಗೂ ಕವಿ ಇಬ್ನ್ ಝೈದೂನನಿಗೂ ಪ್ರೇಮ. ಆಮೇಲೆ ಮುರಿದುಬಿತ್ತು. ಅವನು ವಿರಹಗೀತೆ ಬರೆದು ಹೆಸರಾದ. ಅವಳು ಸುಮ್ಮನಿದ್ದಳೇ? ಅವನನ್ನು ಹಿಗ್ಗಾಮುಗ್ಗಾ ಬೈದು ಪದ್ಯ ಕಟ್ಟಿದಳು. ಅದನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ ಬಿಡಿ!

ಕಾಳಗದಲ್ಲಿ ಮಡಿದ ಇಬ್ಬರು ಸೋದರರಿಗಾಗಿ 7ನೇ ಶತಮಾನದ ಅಲ್-ಖನ್ಸಾ ಹಾಡಿದ ಶೋಕಗೀತೆಗಳನ್ನು ಅರಬರು ಈಗಲೂ ಓದುತ್ತಾರೆ. ಸುಮಾರು 1,400 ವರ್ಷಗಳ ಹಿಂದಿನ ಕಣ್ಣೀರು, ಇನ್ನೂ ಆರಿಲ್ಲ!

ಡಮಾಸ್ಕಸ್‌ನ ಕವಯಿತ್ರಿ ಆಯಿಷಾ ಅಲ್-ಬಾಊನಿಯ್ಯಾ 16ನೇ ಶತಮಾನದ ಆರಂಭದಲ್ಲಿ ಕೈರೋಗೆ ಹೊರಟಿದ್ದಳು. ದಾರಿಯಲ್ಲಿ ದರೋಡೆ! ಹೋದದ್ದು ಅವಳ ಹಸ್ತಪ್ರತಿಗಳು. ಕಳ್ಳರು ಅವನ್ನಿಟ್ಟುಕೊಂಡು ಏನು ಮಾಡಿದರೋ! ಅವಳಂತೂ ಬರೆಯುವುದನ್ನು ಬಿಡಲಿಲ್ಲ.

ಲೇಖಕಿ ಮೇ ಝಿಯಾದೆ ಇದ್ದದ್ದು ಕೈರೋದಲ್ಲಿ. ಕವಿ ಖಲೀಲ್ ಗಿಬ್ರಾನ್ ಇದ್ದದ್ದು ನ್ಯೂಯಾರ್ಕ್‌ನಲ್ಲಿ. 1931ರಲ್ಲಿ ಗಿಬ್ರಾನ್ ತೀರಿಕೊಳ್ಳುವವರೆಗೂ ಇಬ್ಬರ ನಡುವೆ ವರ್ಷಗಟ್ಟಲೆ ಪತ್ರಗಳು, ಪ್ರೀತಿ. ಭೇಟಿ? ಒಂದು ಸಲವೂ ಇಲ್ಲ!

ಈಜಿಪ್ಟಿನ ನವಾಲ್ ಎಲ್ ಸಾದಾವಿ ವೈದ್ಯೆ, ಲೇಖಕಿ. 1981ರಲ್ಲಿ ಅಧ್ಯಕ್ಷ ಸಾದಾತ್ ಸರ್ಕಾರ ಅವರನ್ನು ಜೈಲಿಗೆ ಹಾಕಿತು. ಪೆನ್ನು, ಕಾಗದ ಕೊಡಲಿಲ್ಲ. ಸಹಕೈದಿಯೊಬ್ಬಳು ಗುಟ್ಟಾಗಿ ಒಂದು ವಸ್ತು ತಂದುಕೊಟ್ಟಳು. ಏನು ಗೊತ್ತೇ? ಹುಬ್ಬು ತೀಡುವ ಪೆನ್ಸಿಲ್! ಅವರು ಅದರಿಂದ ಟಾಯ್ಲೆಟ್ ಪೇಪರ್ ಮೇಲೆ ಬರೆದರು. ಹೊರಬಂದ ಮೇಲೆ ಜೈಲಿನ ನೆನಪುಗಳು ಪುಸ್ತಕವೇ ಆದವು!

ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಅರಬ್ಬಿ ಭಾಷೆಗೆ ಮೊದಲು ತಂದವರು ಒಮಾನ್‌ನ ಜೋಖಾ ಅಲ್‌ಹಾರ್ತಿ, 2019ರಲ್ಲಿ. ಕನ್ನಡಕ್ಕೆ ಮೊದಲು ತಂದವರು ಹಾಸನದ ಬಾನು ಮುಷ್ತಾಕ್, 2025ರಲ್ಲಿ. ಎರಡೂ ಭಾಷೆಗೆ ಬಾಗಿಲು ತೆರೆದವರು ಹೆಣ್ಣುಮಕ್ಕಳೇ!

ಟಿವಿಯಲ್ಲಿ ಹಾಡಿನ ಸ್ಪರ್ಧೆ ನೋಡುತ್ತೀರಲ್ಲ, ಅಬುಧಾಬಿಯಲ್ಲಿ ಕವಿಗಳಿಗೂ ಅಂಥದ್ದೊಂದಿದೆ. 2010ರಲ್ಲಿ ಅಲ್ಲಿಗೆ ಬಂದವರು ಸೌದಿ ಗೃಹಿಣಿ ಹಿಸ್ಸಾ ಹಿಲಾಲ್. ಮೈತುಂಬ ಕಪ್ಪು ಬಟ್ಟೆ, ಮುಖಕ್ಕೆ ನಿಖಾಬ್, ಕಾಣುತ್ತಿದ್ದದ್ದು ಕಣ್ಣು ಮಾತ್ರ. ಓದಿದ್ದು ಕಟ್ಟರ್ ಫತ್ವಾಗಳ ವಿರುದ್ಧದ ಕವಿತೆ! ಕೊಲೆ ಬೆದರಿಕೆ ಬಂತು. ಹೆದರಿ ಮನೆಗೆ ಹೋದರೇ? ಎಲ್ಲಿ! ಫೈನಲ್ ತಲುಪಿ ಮೂರನೇ ಸ್ಥಾನ ಗೆದ್ದರು!