ನಿಮಗಿದು ಗೊತ್ತೇ? ಜನ, ಊಟ, ಪಾಠ, ದುಡಿಮೆ

20ನೇ ಶತಮಾನದಲ್ಲಿ ಭಾರತದ ಜನಸಂಖ್ಯೆ ಇಳಿದದ್ದು ಒಂದೇ ಒಂದು ದಶಕದಲ್ಲಿ. ಇಂದಿನ ಗಡಿಗಳ ಲೆಕ್ಕದಲ್ಲಿ 1911ರಲ್ಲಿ 25.21 ಕೋಟಿ ಇದ್ದ ಜನ 1921ರ ಹೊತ್ತಿಗೆ 25.13 ಕೋಟಿಯಾದರು. ಮುಖ್ಯ ಕಾರಣ 1918ರ ಇನ್‌ಫ್ಲುಯೆಂಜಾ. ಮುಂಬೈ ಬಂದರಿಗೆ ಬಂದ ಜ್ವರ ರೈಲು ಹಾದಿ ಹಿಡಿದು ಊರೂರು ಸೇರಿತು. ಅದು ಹೆಚ್ಚಾಗಿ ಬಲಿ ತೆಗೆದುಕೊಂಡದ್ದು 20ರಿಂದ 40ರ ಪ್ರಾಯದವರನ್ನು, ಅಂದರೆ ನೇಗಿಲು ಹಿಡಿಯುವವರನ್ನು, ನಾಟಿ ಮಾಡುವವರನ್ನು.

ಆ ಸಾವುಗಳೇ ಮುಂದೆ ಅರ್ಥಶಾಸ್ತ್ರದ ಒಂದು ದೊಡ್ಡ ವಾದಕ್ಕೆ ಸಾಕ್ಷ್ಯವಾದವು. ಬಡದೇಶಗಳ ಹಳ್ಳಿಗಳಲ್ಲಿ ಅಗತ್ಯಕ್ಕಿಂತ ಹೆಚ್ಚು ಕೈಗಳಿವೆ, ಒಂದಷ್ಟು ಮಂದಿ ಹೊಲ ಬಿಟ್ಟುಹೋದರೂ ಬೆಳೆ ಕಡಿಮೆಯಾಗದು ಎಂದು 1950ರ ದಶಕದ ಅನೇಕ ಪಂಡಿತರು ನಂಬಿದ್ದರು. ಅಮೆರಿಕದ ಥಿಯೊಡರ್ ಶುಲ್ಟ್ಜ್ 1964ರಲ್ಲಿ ಭಾರತದ ಆ ಜ್ವರದ ವರ್ಷಗಳ ಕಡತ ಬಿಚ್ಚಿದರು. 1916-17ಕ್ಕೆ ಹೋಲಿಸಿದರೆ 1919-20ರಲ್ಲಿ ಬಿತ್ತನೆ ಪ್ರದೇಶ ಸುಮಾರು ಶೇ 3.8ರಷ್ಟು ಕುಗ್ಗಿತ್ತು. ಹಳ್ಳಿಯ ಯಾವ ಕೈಯೂ ದಂಡವಲ್ಲ ಎಂಬುದು ಅವರ ತೀರ್ಮಾನ. ಅಮರ್ತ್ಯ ಸೇನ್ 1967ರಲ್ಲಿ ಈ ಲೆಕ್ಕದ ವಿಧಾನವನ್ನೇ ಪ್ರಶ್ನಿಸಿದರು. ಮನುಷ್ಯನ ಆರೋಗ್ಯ, ಕಲಿಕೆಗೆ ಹಾಕಿದ ಹಣ ಖರ್ಚಲ್ಲ, ಬಂಡವಾಳ ಎಂದು ಪಟ್ಟು ಹಿಡಿದು ಸಾರಿದವರೂ ಇದೇ ಶುಲ್ಟ್ಜ್. 1979ರಲ್ಲಿ ಅವರಿಗೆ ನೊಬೆಲ್ ಬಂತು.

ಮೈಸೂರು ಸಂಸ್ಥಾನ 1930ರಲ್ಲೇ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಿತು. ಸರ್ಕಾರವೇ ಮುಂದೆ ನಿಂತು ಇಂಥದ್ದನ್ನು ನಡೆಸಿದ್ದರಲ್ಲಿ ಜಗತ್ತಿನಲ್ಲೇ ಮೊದಲನೆಯದೆಂಬ ಹೆಸರು ಅದಕ್ಕಿದೆ. ಸ್ವತಂತ್ರ ಭಾರತದ ಕುಟುಂಬ ಯೋಜನೆ ಶುರುವಾದದ್ದು 1952ರಲ್ಲಿ.

1960ರಲ್ಲಿ ದಕ್ಷಿಣ ಕೊರಿಯಾದ ಮಹಿಳೆಗೆ ಸರಾಸರಿ 6 ಮಕ್ಕಳು. 2023ರಲ್ಲಿ 0.72! ಹೆರಿಗೆಗಳು ಕಡಿಮೆಯಾಗಿ, ದುಡಿಯುವ ವಯಸ್ಸಿನವರ ಪಾಲು ದೊಡ್ಡದಾಗಿದ್ದ ನಡುವಿನ ಕೆಲವು ದಶಕಗಳಲ್ಲಿ ಆ ದೇಶ ತನ್ನ ಮಕ್ಕಳನ್ನು ಹೈಸ್ಕೂಲು, ಕಾಲೇಜು ದಾಟಿಸಿಬಿಟ್ಟಿತು. ಪೂರ್ವ ಏಷ್ಯಾದ ಆರ್ಥಿಕ ಪವಾಡದಲ್ಲಿ ಸುಮಾರು ಮೂರನೇ ಒಂದು ಪಾಲು ಇಂಥ ವಯೋಮಾನದ ಬದಲಾವಣೆಯದ್ದೇ ಇರಬಹುದು ಎಂದು 1998ರಲ್ಲಿ ಡೇವಿಡ್ ಬ್ಲೂಮ್ ಮತ್ತು ಜೆಫ್ರಿ ವಿಲಿಯಮ್ಸನ್ ಅಂದಾಜಿಸಿದರು.

ಜಪಾನಿನ ಓಜಿ ಹೋಲ್ಡಿಂಗ್ಸ್ ಕಂಪನಿ 2024ರಲ್ಲಿ ತನ್ನ ದೇಶದ ಮಾರುಕಟ್ಟೆಗೆ ಮಕ್ಕಳ ಡೈಪರ್ ತಯಾರಿಸುವುದನ್ನು ನಿಲ್ಲಿಸಿ, ವಯಸ್ಕರ ಡೈಪರ್ ಕಡೆ ಗಮನ ಹರಿಸಿತು.

ಹೀಗೆ ಮಕ್ಕಳು ಕಡಿಮೆಯಾಗಿ ವಯಸ್ಸಾದವರು ಹೆಚ್ಚುವ ಸರದಿ ನಮಗೂ ದೂರವಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಮಹಿಳೆಗೆ ಸರಾಸರಿ 1.7 ಮಕ್ಕಳು, ಬಿಹಾರದಲ್ಲಿ 3. ಜನಸಂಖ್ಯೆ ಒಂದೇ ಮಟ್ಟದಲ್ಲಿ ನಿಲ್ಲಲು 2.1 ಬೇಕು. ಹೀಗೆ ಜನಸಂಖ್ಯೆ ಹಿಡಿತಕ್ಕೆ ತಂದ ರಾಜ್ಯಕ್ಕೆ ಸಿಕ್ಕಿದ್ದೇನು? 15ನೇ ಹಣಕಾಸು ಆಯೋಗ 1971ರ ಜನಗಣತಿ ಬಿಟ್ಟು 2011ರದ್ದನ್ನು ಹಿಡಿಯಿತು, ಜನಸಂಖ್ಯಾ ನಿಯಂತ್ರಣದ ಸಾಧನೆಗೂ ಒಂದಷ್ಟು ಅಂಕ ಕೊಟ್ಟಿತು. ಆದರೂ ಕೇಂದ್ರ ತೆರಿಗೆಯಲ್ಲಿ ಕರ್ನಾಟಕದ ಪಾಲು ಶೇ 4.713ರಿಂದ 3.647ಕ್ಕೆ ಇಳಿಯಿತು. ತಲಾ ಆದಾಯ ಹೆಚ್ಚಿದ್ದುದೂ ಸೇರಿ ಕಾರಣಗಳು ಹಲವು ಇದ್ದವು. ಆದರೂ ಅದು ಅನ್ಯಾಯವೇ ಸರಿ.

ಜನರ ಲೆಕ್ಕವಾಯಿತು, ಇನ್ನು ಊಟದ ಮಾತು. ಗ್ವಾಟೆಮಾಲಾಗೆ ಬನ್ನಿ. 1969ರಿಂದ 1977ರವರೆಗೆ ಅಲ್ಲಿನ ನಾಲ್ಕು ಹಳ್ಳಿಗಳ ಮಕ್ಕಳಿಗೆ ದಿನವೂ ಒಂದು ಪೇಯ ಕೊಟ್ಟರು. ಎರಡು ಹಳ್ಳಿಗಳಲ್ಲಿ ಪ್ರೋಟೀನ್ ತುಂಬಿದ ಅಟೋಲೆ ಎಂಬ ಗಂಜಿ, ಉಳಿದೆರಡರಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನಕ. ಮಕ್ಕಳು ಬೆಳೆದು ದುಡಿಮೆಗೆ ನಿಂತ ಮೇಲೆ ಸಂಶೋಧಕರು ಅವರನ್ನು ಮತ್ತೆ ಹುಡುಕಿಕೊಂಡು ಹೋದರು. ಎರಡು ವರ್ಷ ತುಂಬುವುದರೊಳಗೆ ಗಂಜಿ ಕುಡಿದಿದ್ದ ಗಂಡುಮಕ್ಕಳು ಗಂಟೆಗೆ ಗಳಿಸುತ್ತಿದ್ದ ಕೂಲಿ ಶೇ 46ರಷ್ಟು ಹೆಚ್ಚಿತ್ತು. ಮೂರು ವರ್ಷ ದಾಟಿದ ಮೇಲೆ ಕುಡಿದವರಲ್ಲಿ ಈ ಲಾಭ ಕಾಣಲಿಲ್ಲ. ಶಾಲೆಗೆ ಸೇರಿಸುವ ಎಷ್ಟೋ ಮೊದಲೇ, ಹುಟ್ಟಿದ ಮೊದಲೆರಡು ವರ್ಷಗಳ ಊಟದಲ್ಲೇ ನಾಳಿನ ಕೂಲಿ ನಿಂತಿದೆ.

ಕರ್ನಾಟಕದ ಶಾಲಾ ಬಿಸಿಯೂಟ ಯೋಜನೆ ಅಕ್ಷರ ದಾಸೋಹ 2002ರಲ್ಲಿ ಮೊದಲು ಶುರುವಾದದ್ದು ಈಶಾನ್ಯದ 7 ಜಿಲ್ಲೆಗಳಲ್ಲಿ. ಶಾಲೆಯಲ್ಲಿ ಬಿಸಿಯೂಟ ಉಂಡ ಹುಡುಗಿಯರು ಮುಂದೆ ತಾಯಂದಿರಾದಾಗ ಅವರ ಮಕ್ಕಳಲ್ಲಿ ಕುಂಠಿತ ಬೆಳವಣಿಗೆ ಕಡಿಮೆ ಇತ್ತು ಎಂದು ಭಾರತದ ಅಂಕಿಅಂಶಗಳ ಮೇಲೆ ನಡೆದ 2021ರ ಅಧ್ಯಯನ ತೋರಿಸಿತು. ಒಂದು ತಟ್ಟೆ ಅನ್ನ–ಸಾರು ಎರಡು ತಲೆಮಾರಿಗೆ ಒದಗಿದೆ.

ಬೆಂಗಳೂರಿನ ಗಾರ್ಮೆಂಟ್ಸ್ ಘಟಕಗಳಲ್ಲಿ ಹೊಲಿಗೆ ಮಷೀನಿನ ಮುಂದೆ ಕೂರುವ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯ ಪಾಲನೆ, ಹಣಕಾಸಿನ ತರಬೇತಿ ಕೊಟ್ಟು ಅರ್ಥಶಾಸ್ತ್ರಜ್ಞರು ಫಲಿತಾಂಶ ಅಳೆದರು. ಅವರ ಕೆಲಸದ ಇಳುವರಿ ಏರಿತು. ತರಬೇತಿ ಮುಗಿದು ಎಂಟೇ ತಿಂಗಳಲ್ಲಿ ಕಂಪನಿಗೆ ಹಾಕಿದ ಹಣದ ಎರಡು ಪಟ್ಟಿಗೂ ಹೆಚ್ಚು ಲಾಭ ಬಂತು. ಆ ಹೆಣ್ಣುಮಕ್ಕಳ ಸಂಬಳ ಏರಿದ್ದು ಮಾತ್ರ ಅತ್ಯಲ್ಪ. ಕಲಿತವರ ಕೈಗೂ ಆ ಲಾಭ ಸೇರಬೇಕು.

ಕೊನೆಯದಾಗಿ ಇದು ಗೊತ್ತಿರಲಿ: ಅದೇ 2019-21ರ ಸಮೀಕ್ಷೆಯಲ್ಲಿ ಕರ್ನಾಟಕದ 5 ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿಗೆ ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. 2045ರಲ್ಲಿ ಈ ರಾಜ್ಯವನ್ನು ದುಡಿದು ಸಾಕಬೇಕಾದವರು ಅವರೇ. ಈ ತಿಂಗಳು ಒಮ್ಮೆ ನಿಮ್ಮೂರಿನ ಅಂಗನವಾಡಿಗೆ ಹೋಗಿ. ಮಕ್ಕಳ ತೂಕ, ಎತ್ತರ ಬರೆಯುವ ಪುಸ್ತಕ ಕೇಳಿ ನೋಡಿ. ಹಾಲು, ಮೊಟ್ಟೆ ಸರಿಯಾಗಿ ಬರುತ್ತಿದೆಯೇ ವಿಚಾರಿಸಿ. ಅಂಗನವಾಡಿಯ ಬಾಲವಿಕಾಸ ಸಮಿತಿಯ ಸಭೆ ಯಾವತ್ತೆಂದು ತಿಳಿದುಕೊಂಡು, ಆವತ್ತು ಹೋಗಿ ಕೂತು ಮಾತಾಡಿ.